ಶೆಡ್ಡಿನಲ್ಲಿ ಯಾರೂ ಓಡಬಾರದು

ಮೆಲ್ಲಕ್ಕನ ಅಡುಗೆಮನೆಯ ಗೋಡೆಗೆ ಕಿವಿಯಿಟ್ಟರೆ, ಸಣ್ಣ ಉರಿಯ ಮೇಲಿಟ್ಟ ದೊಡ್ಡ ಪಾತ್ರೆ ಕುದಿ ಬರುವ ಮೊದಲು ಮಾಡುವಂಥ ಸದ್ದು ಕೇಳುತ್ತದೆ. ಅದು ಕೋಳಿಗಳ ಸದ್ದು. ಗೋಡೆಯಾಚೆ ಶೆಡ್ಡು, ಶೆಡ್ಡಿನ ತುಂಬ ನೆಲ ಕಾಣದಂತೆ ಬಿಳಿ ಕೋಳಿಗಳು. ಒಂದೊಂದೂ ತನ್ನ ಪಾಡಿಗೆ ಏನೋ ಗೊಣಗಿಕೊಳ್ಳುತ್ತದೆ, ಸಾವಿರಾರು ಗೊಣಗು ಸೇರಿ ಒಂದೇ ಗುನುಗಾಗುತ್ತದೆ. ಹೊಸಬರಿಗೆ ಅದು ನಿದ್ದೆ ಕೆಡಿಸುವ ಸದ್ದು. ಮೆಲ್ಲಕ್ಕನಿಗೆ ಅದು ನಿಂತರೆ ಮಾತ್ರ ನಿದ್ದೆ ಕೆಡುತ್ತದೆ.

ಹಸಿದಾಗ ಆ ಗುನುಗು ಮೇಲೇರುತ್ತದೆ, ಸೆಕೆಯಾದರೆ ಒಡೆದು ಚೂರಾಗುತ್ತದೆ. ಹೆದರಿಕೆ ಬರುವ ಮೊದಲು ಒಂದು ಗಳಿಗೆ ಪೂರ್ತಿ ನಿಂತುಬಿಡುತ್ತದೆ. ಆ ಗಳಿಗೆಯೇ ಕೆಟ್ಟದ್ದು. ಅದರ ಬೆನ್ನಿಗೇ ಒಂದು ಕೋಳಿ ಎಗರುತ್ತದೆ. ಪಕ್ಕದ್ದು ಯಾಕೆ, ಏನು ಎಂದು ವಿಚಾರಿಸದೆ ತಾನೂ ಎಗರುತ್ತದೆ. ರೆಪ್ಪೆ ಬಡಿಯುವುದರೊಳಗೆ ಇಡೀ ಶೆಡ್ಡು ಒಂದು ಮೂಲೆಗೆ ನುಗ್ಗುತ್ತದೆ. ಹೆದರಿಸಿದ್ದು ಏನು ಬೇಕಾದರೂ ಆಗಿರಬಹುದು. ಕೈಜಾರಿದ ಬಕೆಟ್ಟು, ಗಾಳಿಗೆ ಬಡಿದ ಬಾಗಿಲು, ಯಾರದೋ ಸೀನು. ಬಕೆಟ್ಟು ಯಾವ ಕೋಳಿಯನ್ನೂ ಕೊಲ್ಲುವುದಿಲ್ಲ. ಕೊಲ್ಲುವುದು ಒಡಹುಟ್ಟಿದವುಗಳ ಭಾರ. ಮೂಲೆಯಲ್ಲಿ ಕೆಳಗೆ ಸಿಕ್ಕಿಕೊಂಡವು ಮೇಲಿದ್ದವುಗಳಡಿ ಉಸಿರು ಕಟ್ಟಿ ಸಾಯುತ್ತವೆ.

ಆದ್ದರಿಂದ ಆ ಮನೆಯಲ್ಲಿ ಎಲ್ಲ ಮನೆಗಳಲ್ಲಿರುವ ಕೆಲವು ವಸ್ತುಗಳಿರಲಿಲ್ಲ. ಕುಕ್ಕರ್ ಇರಲಿಲ್ಲ, ಸೀಟಿ ಕೂಗುತ್ತದೆಂದು. ಬಾಗಿಲಿಗೆ ಚಿಲಕವಿರಲಿಲ್ಲ, ಬಟ್ಟೆಯ ಕುಣಿಕೆಯಿತ್ತು. ಮೆಲ್ಲಕ್ಕನ ಗಂಡ ಮೇವಿನ ಲಾರಿ ಓಡಿಸುವವನು. ಮೂಟೆಗಳನ್ನು ಗೇಟಿನ ಬಳಿಯ ಗೋದಾಮಿನಲ್ಲೇ ಇಳಿಸಿ, ಲಾರಿಯನ್ನು ರಸ್ತೆಯಲ್ಲಿ ಬಿಟ್ಟು ನಡೆದು ಬರುತ್ತಿದ್ದ. ಶೆಡ್ಡಿನ ಯಜಮಾನರು ಕೂಡ ಮೋಟಾರ್ ಸೈಕಲನ್ನು ಗೇಟಿನಲ್ಲೇ ಆರಿಸಿ, ಹಟ ಹಿಡಿದ ಕತ್ತೆಯನ್ನು ಕರೆತರುವ ಹಾಗೆ ತಳ್ಳಿಕೊಂಡು ಬರುತ್ತಿದ್ದರು. ಹೊಸ ಬಣ್ಣ ಕಂಡರೂ ಕೋಳಿ ಬೆಚ್ಚುವುದರಿಂದ ಒಳಗೆ ಹೋಗುವವರೆಲ್ಲ ಬೂದು ಬಣ್ಣದ ಒಂದೇ ಥರದ ನಿಲುವಂಗಿ ತೊಡಬೇಕಿತ್ತು.

"ಈ ಮನೆಗೆ ಕಳ್ಳ ಬಂದ್ರೆ ನಮ್ಮನ್ನ ನೋಡಿ ನಾಚ್ಕೋಬೇಕು," ಎಂದು ಗಂಡ ನಗುತ್ತಿದ್ದ. "ಅವನಿಗಿಂತ ನಾವೇ ಚೆನ್ನಾಗಿ ಓಡಾಡ್ತೀವಿ." ಅದನ್ನೂ ಪಿಸುಮಾತಿನಲ್ಲೇ ಹೇಳುತ್ತಿದ್ದ.

ಮೆಲ್ಲಕ್ಕ ಎನ್ನುವುದು ಅವಳಿಗೆ ಹುಟ್ಟಿನಿಂದ ಬಂದ ಹೆಸರಲ್ಲ. ತವರಿನಲ್ಲಿ ಅವಳನ್ನು ಗಾಳಿಪಟ ಎನ್ನುತ್ತಿದ್ದರು. ಮೆಟ್ಟಿಲನ್ನು ಒಂದೊಂದಾಗಿ ಇಳಿದವಳೇ ಅಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ತಂಗಿಗೆ ಮಗುವಾಯಿತೆಂಬ ಸುದ್ದಿ ಬಂದಾಗ, ಆ ಖುಷಿ ತಡೆಯಲಾರದೆ ಓಡಿಹೋಗಿ ಶೆಡ್ಡಿನ ಬಾಗಿಲು ತಳ್ಳಿ, "ಅತ್ತೇ," ಎಂದು ಕೂಗಿಬಿಟ್ಟಿದ್ದಳು.

ಅತ್ತೆ ಬೈಯಲಿಲ್ಲ. ಬೈಯುವುದಕ್ಕೂ ದನಿ ಬೇಕಲ್ಲ. ಮೂಲೆಯಲ್ಲಿ ಗುಡ್ಡೆ ಬಿದ್ದ ಕೋಳಿಗಳನ್ನು ಎರಡೂ ಕೈಗಳಿಂದ ಹಿಟ್ಟು ಬಿಡಿಸುವ ಹಾಗೆ ಬಿಡಿಸಿ, ಬದುಕಿದ್ದವನ್ನು ಚದುರಿಸಿ, ಗುನುಗು ಮತ್ತೆ ಶುರುವಾಗುವ ತನಕ ಕಾದರು. ಆಮೇಲೆ ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ಹೊಸ ಸೊಸೆಗೆ ನೆಲ ತೋರಿಸಿದರು.

"ಎತ್ತಿಡು."

"ಅತ್ತೆ, ನಂಗೆ ಗೊತ್ತಿರ್ಲಿಲ್ಲ..."

"ಒಂದೊಂದೇ. ಎರಡೂ ಕೈಯಲ್ಲಿ. ಸಾಲಾಗಿ ಇಡು, ರಾಶಿ ಹಾಕ್ಬೇಡ."

ಅವಳು ಎತ್ತಿಟ್ಟಳು. ಸತ್ತವುಗಳ ಕತ್ತು ಹಣ್ಣಿನ ತೊಟ್ಟಿನ ಹಾಗೆ ಅತ್ತಿತ್ತ ಹೊರಳುತ್ತಿತ್ತು. ಸಾಲು ಗೋಡೆಯಿಂದ ಗೋಡೆಗೆ ಹೋಗಿ ತಿರುಗಿ ಬಂತು.

"ಬೆಚ್ಚಗಿದ್ಯಾ?" ಎಂದು ಅತ್ತೆ ಕೇಳಿದರು.

"ಹೂಂ."

"ಅದು ನಿನ್ನ ಖುಷಿಯ ಬಿಸಿ. ನೆನಪಿಟ್ಕೋ."

ತಂಗಿಗೆ ಆದದ್ದು ಗಂಡೋ ಹೆಣ್ಣೋ ಎಂದು ಅತ್ತೆ ವಿಚಾರಿಸಿದ್ದು ಎಷ್ಟೋ ದಿನ ಕಳೆದ ಮೇಲೆ. ಅಷ್ಟು ಹೊತ್ತಿಗೆ ಗಾಳಿಪಟದ ದಾರ ಕಡಿದು, ಮೆಲ್ಲಕ್ಕ ಹುಟ್ಟಿದ್ದಳು. ಪಾದ ಎತ್ತದೆ ನೆಲಕ್ಕೆ ಸವರಿಕೊಂಡು ಅವಳು ನಡೆದರೆ, ದೋಣಿಯ ಮುಂದೆ ನೀರು ಸರಿಯುವ ಹಾಗೆ ಕೋಳಿಗಳು ಸರಿದು, ಹಿಂದೆ ಮತ್ತೆ ಕೂಡಿಕೊಳ್ಳುತ್ತಿದ್ದವು. ಹೆದರಿಕೆಯೆಂಬುದು ಹಬ್ಬುವ ಬಗೆ ಅವಳಿಗೆ ತಿಳಿಯಿತು. ಹಬ್ಬದಂತೆ ತಡೆಯುವ ಬಗೆಯೂ. ಒಬ್ಬರಿಗೆ ಮೈ ನಡುಗಿದರೆ ಅದು ಅವರ ಮೈಯಲ್ಲೇ ನಿಲ್ಲಬೇಕು. ಹಾಲು ಉಕ್ಕಿದರೂ, ತಂದೆ ತೀರಿಕೊಂಡ ಸುದ್ದಿ ಬಂದರೂ ಅವಳ ಹೆಜ್ಜೆ ಒಂದೇ ಆಯಿತು. "ಇವಳ ಬಾಯಲ್ಲಿ ಮನೆಗೆ ಬೆಂಕಿ ಬಿತ್ತು ಅಂತ ಹೇಳಿಸಿದ್ರೂ, ಊಟಕ್ಕೆ ಬನ್ನಿ ಅಂದ ಹಾಗಿರುತ್ತೆ," ಎಂದು ಗಂಡ ಕಂಡವರಿಗೆಲ್ಲ ಹೇಳುತ್ತಿದ್ದ. ಹೊಗಳಿಕೆಯೋ ದೂರೋ ಅವನಿಗೇ ತಿಳಿದಿರಲಿಲ್ಲ.

ಆ ಮನೆಯಲ್ಲಿ ಅವಳಿಗೆಂದು ಇದ್ದವಳು ಒಬ್ಬಳೇ, ನಾದಿನಿ. ಗಂಡನ ಕೊನೆಯ ತಂಗಿ. ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು. ಅವಳು ಹುಟ್ಟಿದ್ದೇ ಗೋಡೆಯ ಈಚೆಗೆ. ಕೂಸಾಗಿದ್ದಾಗ ಅತ್ತರೆ ತಾಯಿ ಅಂಗೈಯಿಂದ ಬಾಯಿ ಮುಚ್ಚುತ್ತಿದ್ದರಂತೆ. ಮಾತು ಕಲಿಯುವ ಮೊದಲೇ ಮಾತು ನುಂಗುವುದನ್ನು ಕಲಿತ ಮಗು. ಶೆಡ್ಡಿನೊಳಗೆ ಅವಳು ನೆರಳಿಗಿಂತ ತೆಳ್ಳಗೆ ಓಡಾಡುತ್ತಿದ್ದಳು. ಆದರೆ ಸಂಜೆ ಕೆಲಸ ಮುಗಿದ ಮೇಲೆ, ಬೇಲಿಯಾಚೆ ದೂರದಲ್ಲಿದ್ದ ಚಪ್ಪಡಿ ಕಲ್ಲಿನ ಮೇಲೆ ಅತ್ತಿಗೆಯನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯಲು ಕೂತರೆ ಬಾಯಿಗೆ ಬೀಗವೇ ಇರುತ್ತಿರಲಿಲ್ಲ.

"ಅತ್ತಿಗೆ, ನಿನ್ನ ಕೂದಲು ನಿನ್ನ ಹಾಗೇ. ಎಳೆದ್ರೂ ಏನೂ ಅನ್ನಲ್ಲ."

"ಎಳೀಬೇಡ ಮತ್ತೆ."

"ಒಂದು ಸಲ ಅಯ್ಯೋ ಅನ್ನು, ಬಿಡ್ತೀನಿ."

ಮೆಲ್ಲಕ್ಕ ಅನ್ನುತ್ತಿರಲಿಲ್ಲ. ಗಿಣಿ ನಕ್ಕು ಇನ್ನೂ ಬಿಗಿಯಾಗಿ ಹೆಣೆಯುತ್ತಿದ್ದಳು. ದಿನದಲ್ಲಿ ತನ್ನನ್ನು ಯಾರೋ ಮುಟ್ಟಿ ಮಾತಾಡಿಸುವ ಹೊತ್ತು ಅದೊಂದೇ ಎಂದು ಮೆಲ್ಲಕ್ಕನಿಗೆ ಗೊತ್ತಿತ್ತು. ಅದಕ್ಕಾಗಿ ಹಗಲೆಲ್ಲ ಕಾಯುತ್ತಿದ್ದಳು, ಕಾಯುತ್ತಿದ್ದೇನೆಂದು ತೋರಗೊಡದೆ.

ಆ ದಿನ ಮೋಡ ಮುಚ್ಚಿಕೊಂಡು ಹವೆಯೆಲ್ಲ ತೇವವಾಗಿತ್ತು. ಶೆಡ್ಡಿನ ಒಂದು ತುದಿಯಲ್ಲಿ ಮೇವು ಸುರಿಯುವ ತಗಡಿನ ಬಾನಿಯಿದೆ. ಅದರ ತಳದಿಂದ ಹೊರಟ ಕೊಳವೆಯೊಳಗೆ ತಿರುಚಿದ ಕಬ್ಬಿಣದ ಸರಳೊಂದು ತಿರುಗುತ್ತ, ಮೇವನ್ನು ಶೆಡ್ಡಿನುದ್ದಕ್ಕೂ ತಳ್ಳಿಕೊಂಡು ಹೋಗುತ್ತದೆ. ಸ್ವಿಚ್ಚು ಇರುವುದು ಇನ್ನೊಂದು ತುದಿಯಲ್ಲಿ, ಬಾಗಿಲ ಪಕ್ಕದಲ್ಲಿ. ತೇವಕ್ಕೆ ಮೇವು ಗಂಟು ಕಟ್ಟಿ ಸರಳು ಸಿಕ್ಕಿಕೊಂಡಿತ್ತು. ತಿರುಗದೆ ನಿಂತದ್ದನ್ನು ನೋಡಿ, ಆರಿಸಿದ್ದಾರೆಂದುಕೊಂಡು, ಗಿಣಿ ಗಂಟು ಬಿಡಿಸಲು ಬಾನಿಯೊಳಗೆ ಬಲಗೈ ಹಾಕಿದಳು. ಗಂಟು ಒಡೆಯಿತು. ಸರಳು ಅರ್ಧ ಸುತ್ತು ತಿರುಗಿ, ಬೆರಳುಗಳನ್ನು ಕಚ್ಚಿಕೊಂಡು, ಮತ್ತೆ ನಿಂತಿತು. ನಿಂತಿತು ಎನ್ನುವುದಕ್ಕಿಂತ, ಮುದುಕರು ಗಟ್ಟಿ ತುತ್ತು ಅಗಿಯುವ ಹಾಗೆ ನಿಧಾನವಾಗಿ ಅಗಿಯತೊಡಗಿತು.

"ಅತ್ತಿಗೆ," ಎಂದಳು ಗಿಣಿ.

ಬುಟ್ಟಿ ಕೊಡು ಎನ್ನುವಾಗ ಕರೆಯುವ ದನಿ. ನಡುಶೆಡ್ಡಿನಲ್ಲಿ ನೀರಿನ ಡಬ್ಬ ತುಂಬುತ್ತಿದ್ದ ಮೆಲ್ಲಕ್ಕ ತಲೆಯೆತ್ತಿ, "ಬಂದೆ," ಎಂದು ಡಬ್ಬ ತುಂಬುವುದನ್ನು ಮುಂದುವರಿಸಿದಳು.

"ಅತ್ತಿಗೆ, ಸ್ವಲ್ಪ ಸ್ವಿಚ್ ಆರಿಸ್ತೀಯಾ."

ದನಿ ಕೂದಲೆಳೆಯಷ್ಟೂ ಮೇಲೇರಿರಲಿಲ್ಲ. ಆದರೆ ಗಿಣಿಯ ಸುತ್ತಲಿನ ಕೋಳಿಗಳು ಗುನುಗು ನಿಲ್ಲಿಸಿದ್ದವು. ಅವಕ್ಕೆ ಏನೋ ತಿಳಿದಿತ್ತು, ಮೆಲ್ಲಕ್ಕನಿಗೂ ತಿಳಿಯಿತು. ಒಟ್ಟಿಗೆ ತಂದುಬಿಟ್ಟ ಆ ಬ್ಯಾಚಿನ ಕೋಳಿಗಳು ರೆಕ್ಕೆ ಬಲಿಯದ, ಗರಿ ಬಿದ್ದರೂ ಬೆಚ್ಚುವ ವಯಸ್ಸಿನವು. ಅವಳು ಡಬ್ಬವನ್ನು ಸದ್ದಾಗದಂತೆ ಕೆಳಗಿಟ್ಟಳು. ಬಾಗಿಲ ಕಡೆ ತಿರುಗಿದಳು. ನಡೆದಳು. ಪಾದ ಎತ್ತಲಿಲ್ಲ, ಕೈ ಬೀಸಲಿಲ್ಲ, ಕೋಳಿಗಳು ಸರಿಯುವಷ್ಟು ಹೊತ್ತು ಕೊಟ್ಟು ಕೊಟ್ಟು ನಡೆದಳು.

"ಬೇಗ ಬಾ ಅತ್ತಿಗೆ," ಎಂದಳು ಗಿಣಿ ಹಿಂದಿನಿಂದ, ಚಹಾ ಆರಿಹೋಗುತ್ತದೆ ಎನ್ನುವಾಗ ಕರೆಯುವ ಹಾಗೆ.

ಮೆಲ್ಲಕ್ಕ ಸ್ವಿಚ್ಚು ಆರಿಸಿದಳು. ಗುನುಗು ಮತ್ತೆ ಶುರುವಾಯಿತು. ಒಂದು ಕೋಳಿಯೂ ಎಗರಿರಲಿಲ್ಲ.

ಗಿಣಿಯ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದವು. ಇನ್ನೊಂದಿಷ್ಟು ಮುಂಚೆ ನಿಲ್ಲಿಸಿದ್ದರೆ ಇನ್ನೊಂದು ಬೆರಳಾದರೂ ಉಳಿಯುತ್ತಿತ್ತು ಎಂದರು ಡಾಕ್ಟರು, ಯಾರನ್ನೂ ದೂರದೆ, ಸುಮ್ಮನೆ ತಿಳಿದಿರಲಿ ಎಂಬಂತೆ. ಯಜಮಾನರು ಆಸ್ಪತ್ರೆಗೆ ಬಂದು ಮಂಚದ ಕಾಲ ಬಳಿ ನಿಂತು, ಗಿಣಿಯ ಮುಂದೆಯೇ ಮೆಲ್ಲಕ್ಕನನ್ನು ಹೊಗಳಿದರು.

"ಇಷ್ಟೆಲ್ಲ ಆದ್ರೂ ಒಂದು ಕೋಳೀನೂ ಸಾಯ್ಲಿಲ್ಲ. ಬೇರೆ ಯಾರಾಗಿದ್ರೂ ಕಿರುಚಾಡಿ ಅರ್ಧ ಶೆಡ್ಡು ಖಾಲಿ ಮಾಡ್ತಿದ್ರು. ನಿನ್ನ ಸಮಾಧಾನಕ್ಕೆ ಕೈ ಮುಗೀಬೇಕು ಕಣಮ್ಮ."

ಗಿಣಿ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮಂಚದವರ ತಟ್ಟೆ ಕೈಜಾರಿ ಬಿತ್ತು. ಗಿಣಿ ಕಿರುಚಿದಳು. ಮನೆಯವರು ಆ ದನಿಯನ್ನು ಅದೇ ಮೊದಲು ಕೇಳಿದ್ದು. ಇದು ಯಾರದ್ದೆಂದು ಅವಳ ತಾಯಿಯೇ ಸುತ್ತ ನೋಡಿದರು. ಹುಟ್ಟಿದಾಗಿನಿಂದ ಅಂಗೈಯಡಿ ಅದುಮಿಟ್ಟದ್ದೆಲ್ಲ ಒಮ್ಮೆಗೇ ಹೊರಬಂದಂತಿತ್ತು. ಅಂದಿನಿಂದ ಅದು ನಿಲ್ಲಲಿಲ್ಲ. ಮನೆಗೆ ಬಂದ ಮೇಲೆ ಮುಚ್ಚಳ ಸರಿದರೆ ಕಿರುಚಿದಳು, ಕಾಗೆ ಹಾರಿದರೆ ಕಿರುಚಿದಳು, ಕಿರುಚಿದ್ದಕ್ಕೆ ತಾನೇ ಹೆದರಿ ಮತ್ತೆ ಕಿರುಚಿದಳು. ಪ್ರತಿ ಸಲ ಗೋಡೆಯಾಚೆ ಗುನುಗು ನಿಲ್ಲುತ್ತಿತ್ತು. ಮೆಲ್ಲಕ್ಕ ಗಿಣಿಯನ್ನು ಹಾಗೇ ಬಿಟ್ಟು ಶೆಡ್ಡಿಗೆ ನಡೆಯುತ್ತಿದ್ದಳು.

ಮೂಲೆಯಲ್ಲಿ ಕೋಳಿ ಸತ್ತ ಸುದ್ದಿ ಎರಡನೇ ಸಲ ಹೋದಾಗ ಯಜಮಾನರು ಮೋಟಾರ್ ಸೈಕಲ್ ತಳ್ಳಿಕೊಂಡು ಬಂದರು. ಕೂರಲಿಲ್ಲ.

"ಹುಡುಗಿಗೆ ಕಷ್ಟ ಆಗಿದೆ. ಇಲ್ಲ ಅನ್ನಲ್ಲ. ನನಗೂ ಹೆಣ್ಣುಮಕ್ಕಳಿದ್ದಾರೆ. ಆದ್ರೆ ಕೋಳಿಗೆ ನಮ್ಮ ಕಷ್ಟಸುಖ ಹೇಳಿದ್ರೆ ಅರ್ಥ ಆಗುತ್ತಾ? ಈ ಬ್ಯಾಚು ಹೋಗೋದ್ರೊಳಗೆ ಅವಳು ಸುಮ್ಮನಾಗ್ಬೇಕು. ಶೆಡ್ಡಿನೊಳಗೆ ಮುಂಚಿನ ಹಾಗೆ ನಡೀಬೇಕು. ಆಗಲ್ವಾ, ಬೇರೆ ಎಲ್ಲಾದ್ರೂ ಕಳಿಸಿ. ಅದೂ ಆಗಲ್ವಾ, ನಾನು ಕೊಟ್ಟ ಮನೆ ಬಿಡಿ. ನಾನೇನು ಕೆಟ್ಟವನಲ್ಲ."

"ನೀವು ಕೆಟ್ಟವರು ಅಂತ ಯಾರಂದ್ರು ಯಜಮಾನರೇ," ಎಂದ ಗಂಡ. "ನೀವು ಹೇಳೋದಕ್ಕೆ ಮುಂಚೆ ನಾವು ಅಂದ್ಕೊಂಡಿರ್ಲೇ ಇಲ್ಲ."

ಅವರು ಹೋದ ಮೇಲೆ ಅತ್ತೆ ಸೊಸೆಯ ಕಡೆ ತಿರುಗಿದರು.

"ನಾನು ನಿನಗೆ ಕಲಿಸಿದ್ದು ಕೋಳಿಗೋಸ್ಕರ. ನನ್ನ ಮಗಳು ಕರೆದಾಗ್ಲೂ ಹಾಗೇ ನಡಿ ಅಂದಿದ್ನಾ?"

"ನನಗಿರೋದು ಒಂದೇ ಜೊತೆ ಕಾಲು ಅತ್ತೆ," ಎಂದಳು ಮೆಲ್ಲಕ್ಕ.

ಆ ಬಗ್ಗೆ ಆ ಮನೆಯಲ್ಲಿ ನಡೆದ ಮಾತು ಅಷ್ಟೇ.

ಗಿಣಿ ಹೋಗಬಾರದು. ಮೆಲ್ಲಕ್ಕನ ತಲೆಯಲ್ಲಿ ಇದ್ದದ್ದು ಅದೊಂದೇ. ತನ್ನ ಜಡೆಯನ್ನು ತಾನೇ ಗಂಟು ಹಾಕಿಕೊಳ್ಳಲು ಶುರುಮಾಡಿದ್ದಳು. ಆ ಗಂಟು ಹಗಲೆಲ್ಲ ಕತ್ತಿಗೆ ಒತ್ತುತ್ತಿತ್ತು. ಗಿಣಿ ಇರಬೇಕೆಂದರೆ ಗಿಣಿ ಸುಮ್ಮನಾಗಬೇಕು. ಸಂಜೆ ಮೂವರೂ ಚಪ್ಪಡಿ ಕಲ್ಲಿಗೆ ಹೋಗುತ್ತಿದ್ದರು. ಮೆಲ್ಲಕ್ಕ ಈಗ ಗಿಣಿಯ ಕೂದಲು ಬಾಚುತ್ತಿದ್ದಳು. ಅತ್ತೆ ಎದುರಿಗೆ ಕೂತು, ಕಣ್ಣಿಗೆ ಕಂಡದ್ದನ್ನೆಲ್ಲ ತೋರಿಸಿ ಪಾಠ ಹೇಳುತ್ತಿದ್ದರು.

"ಆ ಮರ ನೋಡು ಮಗಳೇ. ಬಿಸಿಲು, ಮಳೆ, ಗಾಳಿ, ಯಾವುದಕ್ಕಾದ್ರೂ ಹೆದರುತ್ತಾ? ನಿಂತ ಕಡೆ ನಿಂತಿರುತ್ತೆ."

"ಕೊಡಲಿ ಬಿದ್ರೂ ನಿಂತಿರುತ್ತೆ. ಓಡೋಕೆ ಕಾಲಿಲ್ಲ. ಅದಕ್ಕೆ ಸಮಾಧಾನ ಅಂತ ಹೆಸರಿಡ್ತೀಯಾ?"

"ಹೋಗ್ಲಿ, ಹುಲ್ಲು ನೋಡು. ಗಾಳಿ ಬಂದಾಗ ಬಾಗುತ್ತೆ, ಹೋದಾಗ ಏಳುತ್ತೆ."

"ದನ ಬಂದಾಗ?" ಎಂದು, ಲಾರಿ ಬಿಟ್ಟು ಬಂದು ಅಲ್ಲೇ ಬೀಡಿ ಸೇದುತ್ತಿದ್ದ ಗಿಣಿಯ ಅಣ್ಣ ಕೇಳಿದ.

"ನೀನು ಸುಮ್ಮನಿರೋ. ಕೊಳ ನೋಡೇ. ಕಲ್ಲು ಎಸೆದ್ರೆ ಒಂದು ಗಳಿಗೆ ಕಲಕುತ್ತೆ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ತಿಳಿಯಾಗುತ್ತೆ. ಹಾಗಿರ್ಬೇಕು ಮನಸ್ಸು."

"ಕಲ್ಲು ಎಲ್ಲಿ ಹೋಯ್ತಮ್ಮ?" ಎಂದಳು ಗಿಣಿ. "ಒಳಗೇ ಇರುತ್ತಲ್ಲ."

ಅತ್ತೆಗೆ ಅಳು ಬಂತು. ಅವರು ಅತ್ತದ್ದು ಸದ್ದಿಲ್ಲದೆ, ಅಭ್ಯಾಸವಾಗಿತ್ತು.

ಮೆಲ್ಲಕ್ಕ ಬಾಯಿಮಾತಿನ ಪಾಠ ನಂಬಲಿಲ್ಲ. ಹೊಸ ಮರಿಗಳನ್ನು ಸದ್ದಿಗೆ ಪಳಗಿಸುವ ಹಾಗೆ ಗಿಣಿಯನ್ನು ಪಳಗಿಸಲು ಹೊರಟಳು. ಬೆನ್ನ ಹಿಂದೆ ಕೂತು, ಹೇಳದೆ ಕೇಳದೆ ತಗಡಿನ ಡಬ್ಬಕ್ಕೆ ಒಂದು ಹರಳು ಹಾಕುವುದು. ಮೊದಮೊದಲು ಸಾಸಿವೆಯಷ್ಟು ಸಣ್ಣದು, ದಿನ ಕಳೆದಂತೆ ದೊಡ್ಡದು. ಪ್ರತಿ ಸಲ ಗಿಣಿಯ ಬೆನ್ನು ಬಿಲ್ಲಾಗುತ್ತಿತ್ತು. ಕಿರುಚಾಟ ನರಳಾಟವಾಯಿತು, ನರಳಾಟ ಬಿಕ್ಕಾಯಿತು, ಕೊನೆಗೊಂದು ಸಂಜೆ ಕಲ್ಲೇ ಬಿದ್ದರೂ ಗಿಣಿ ತುಟಿ ಕಚ್ಚಿಕೊಂಡು ಕೂತಳು. ತುಟಿಯಿಂದ ರಕ್ತ ಬಂದಿತ್ತು. ಮೆಲ್ಲಕ್ಕ ಅದನ್ನು ಒರೆಸಿ, "ನೋಡು, ಬಂತು," ಎಂದಳು. ಗಿಣಿ ನಕ್ಕಳು ಕೂಡ. ಆ ಸಂಜೆ ಎಡಗೈಯಿಂದಲೂ ಬಲಗೈಯಲ್ಲಿ ಉಳಿದ ಬೆರಳುಗಳಿಂದಲೂ ಅತ್ತಿಗೆಯ ಜಡೆ ಹೆಣೆಯಲು ನೋಡಿದಳು. ಆಗಲಿಲ್ಲ, ಆದರೆ ನೋಡಿದಳು.

ಪರೀಕ್ಷೆಯ ದಿನ ಯಜಮಾನರು ಬಾಗಿಲಲ್ಲಿ ನಿಂತರು. ಬಿಳಿ ಪಟ್ಟಿ ಕಂಡು ಕೋಳಿಗಳು ಬೆಚ್ಚುತ್ತವೆಂದು ಅತ್ತೆ ಗಿಣಿಯ ಕೈಗೆ ಬೂದು ಬಟ್ಟೆ ಸುತ್ತಿದ್ದರು. ಗಿಣಿ ಒಳಗೆ ಕಾಲಿಟ್ಟಳು. ಹೆಜ್ಜೆ ಮರೆತಿರಲಿಲ್ಲ. ಪಾದ ಸವರಿಕೊಂಡು, ಕೋಳಿಗಳನ್ನು ಸರಿಸಿಕೊಂಡು, ಶೆಡ್ಡಿನ ನಡುವಿನ ತನಕ ಹೋದಳು. ತಗಡಿನ ಬಾನಿಯ ಹತ್ತಿರವೂ ಹೋಗಿ ನಿಂತಳು. ಗುನುಗು ಒಂದೇ ಸಮನೆ ಇತ್ತು. ಅತ್ತೆಯ ಕೈ ಮೆಲ್ಲಕ್ಕನ ಕೈಯನ್ನು ಹುಡುಕಿ ಹಿಡಿದುಕೊಂಡಿತು, ಇಷ್ಟು ವರ್ಷದಲ್ಲಿ ಮೊದಲ ಸಲ.

"ಪರವಾಗಿಲ್ಲ," ಎಂದು ಪಿಸುಗುಟ್ಟಿದರು ಯಜಮಾನರು. ಕೊಂಡುಕೊಳ್ಳುವ ಮೊದಲು ಯಾವ ವಸ್ತುವನ್ನಾದರೂ ಇನ್ನೊಮ್ಮೆ ಕುಲುಕಿ ನೋಡುವುದು ಅವರ ಪದ್ಧತಿ. ಪಕ್ಕದ ಸ್ವಿಚ್ಚು ಒತ್ತಿದರು.

ಸರಳು ತಿರುಗಿತು. ಕೋಳಿಗಳಿಗೆ ಅದು ಹುಟ್ಟಿದಾಗಿನಿಂದ ಕೇಳಿದ ಸದ್ದು. ಬೆಚ್ಚಿದ್ದು ಗಿಣಿ. ಎಲ್ಲೂ ಸಿಕ್ಕಿಕೊಂಡಿರದ ಕೈಯನ್ನು ಎಳೆದೆಳೆದು ಬಿಡಿಸಿಕೊಳ್ಳುತ್ತ ಅವಳು ಕಿರುಚಿದಳು. ಗುನುಗು ನಿಂತಿತು. ಒಂದು ಎಗರಿತು.

ಮೆಲ್ಲಕ್ಕ ಅತ್ತೆಯ ಕೈ ಬಿಡಿಸಿಕೊಂಡು ನಡೆದಳು. ಗಿಣಿಯ ಕಡೆಗಲ್ಲ, ಮೂಲೆಗೆ. ಬಿಳಿ ಗುಡ್ಡೆ ಸೊಂಟದ ತನಕ ಏರಿತ್ತು. ಮೊಣಕೈವರೆಗೆ ಒಳಗೆ ತೂರಿ, ಬಿಡಿಸಿ, ಚದುರಿಸಿ, ಅತ್ತೆ ಇನ್ನೊಂದು ಕಡೆಯಿಂದ ಬಿಡಿಸುವಾಗ ಉಸಿರು ಕೂಡ ಜೋರಾಗದಂತೆ ದುಡಿದಳು. ಎಲ್ಲ ತಣ್ಣಗಾಗುವಾಗ ಗಿಣಿ ಬಾನಿಯ ಬುಡದಲ್ಲಿ ಮುದುಡಿ ಕೂತು, ಕಿರುಚುವುದಕ್ಕೂ ಶಕ್ತಿಯಿಲ್ಲದೆ ಬಾಯಿ ಮಾತ್ರ ತೆರೆದುಕೊಂಡಿದ್ದಳು. ಯಜಮಾನರು ಆಗಲೇ ಗೇಟು ದಾಟಿದ್ದರು.

"ಎತ್ತಿಡು."

ಗಿಣಿ ತಾಯಿಯ ಕಡೆ ನೋಡಿದಳು, ಮಾತು ಅಲ್ಲಿಂದ ಬಂತೆಂದು. ತಾಯಿ ಸೊಸೆಯ ಕಡೆ ನೋಡುತ್ತಿದ್ದರು. ಅದೇ ದನಿ, ಅದೇ ತೂಕ. ಬಂದದ್ದು ಮಾತ್ರ ಮೆಲ್ಲಕ್ಕನ ಬಾಯಿಂದ.

"ಅತ್ತಿಗೆ, ನಂಗಿರೋದು ಒಂದೇ ಕೈ."

"ಒಂದೇ ಕೈಯಲ್ಲಿ ಎತ್ತಿಡು. ಸಾಲಾಗಿ."

ಗಿಣಿ ಎದ್ದಳು. ಎಡಗೈಯಲ್ಲಿ ಒಂದನ್ನು ಎತ್ತಿದಳು, ಇಟ್ಟಳು. ಇನ್ನೊಂದನ್ನು ಎತ್ತಿದಳು. ಬೆಳೆದ ಕೋಳಿಗಳು, ಭಾರವಿದ್ದವು. ಕೆಲವನ್ನು ಎದೆಗೆ ಒತ್ತಿಕೊಂಡು ತರಬೇಕಾಯಿತು. ಅತ್ತೆ ಸಹಾಯಕ್ಕೆಂದು ಬಾಗಿದಾಗ ಮೆಲ್ಲಕ್ಕ ಬೇಡವೆಂದು ತಲೆಯಾಡಿಸಿದಳು. ಬೆಚ್ಚಗಿದೆಯಾ ಎಂಬ ಪ್ರಶ್ನೆಯೂ ನಾಲಿಗೆಯ ತುದಿಗೆ ಬಂದಿತ್ತು, ಅದೊಂದನ್ನು ನುಂಗಿದಳು. ಅವಳಲ್ಲಿ ಉಳಿದಿದ್ದ ಕರುಣೆ ಅಷ್ಟು.

ಆಮೇಲೆ ಗಿಣಿ ಕಿರುಚಲಿಲ್ಲ. ಮಾರನೆಯ ದಿನ ಅಣ್ಣನ ಕೈಯಿಂದ ತಟ್ಟೆ ಜಾರಿ ಬಿದ್ದಾಗ ಮನೆಯವರೆಲ್ಲ ಉಸಿರು ಹಿಡಿದರು. ಗಿಣಿ ತಿರುಗಿಯೂ ನೋಡಲಿಲ್ಲ. ಬಾಗಿ ಎತ್ತಿಕೊಟ್ಟಳು. ಶೆಡ್ಡಿಗೆ ಹೋದಳು, ಬಂದಳು. ಮೋಟಾರು ತಿರುಗುವಾಗ ಅದರ ಪಕ್ಕದಲ್ಲೇ ನಿಂತು ನೀರು ತುಂಬಿದಳು. ಯಜಮಾನರು ಇನ್ನೊಮ್ಮೆ ಬಂದು ನೋಡಿ, "ಇರ್ಲಿ ಬಿಡಿ, ಸರಿಹೋದ್ಳಲ್ಲ," ಎಂದರು. ಅತ್ತೆ, "ಹಳೇ ಮದ್ದೇ ಮದ್ದು," ಎಂದರು. ಮಾತು ಮಾತ್ರ ಗಿಣಿ ಬಿಟ್ಟಿದ್ದಳು. ಚಪ್ಪಡಿ ಕಲ್ಲಿನ ಮೇಲೆ ಇಬ್ಬರೂ ಕೂತರೆ, ಬಾಚಣಿಗೆ ಕೂದಲಲ್ಲಿ ಇಳಿಯುವ ಸದ್ದು ಕೇಳಿಸುತ್ತಿತ್ತು.

ಬ್ಯಾಚು ಮಾರಾಟವಾಗಿ ಶೆಡ್ಡು ಖಾಲಿಯಾದ ದಿನ ಗಿಣಿ ತಾನಾಗಿ ಬಾಯಿಬಿಟ್ಟಳು.

"ನಾನು ದೊಡ್ಡಮ್ಮನ ಮನೆಗೆ ಹೋಗ್ತೀನಿ."

"ಈಗ ಯಾಕೆ?" ಎಂದರು ತಾಯಿ. "ಈಗ ಸರಿಹೋಗಿದ್ದೀಯ. ಇರು ಅಂತ ಅವರೇ ಹೇಳಿದ್ದಾರೆ. ದೊಡ್ಡಮ್ಮ ನಿನ್ನನ್ನ ಕತ್ತೆ ದುಡಿಸಿದ ಹಾಗೆ ದುಡಿಸ್ತಾಳೆ."

"ದುಡಿಸ್ಲಿ. ಅವರ ಮನೆ ಹಿಟ್ಟಿನ ಗಿರಣಿ ಪಕ್ಕ. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡೋದು. ಗಂಟಲು ಹರಿಯೋ ಹಾಗೆ ಕೂಗಿದ್ರೂ ಏನು ಅಂತ ಕೇಳ್ತಾರೆ, ಇನ್ನೊಂದ್ಸಲ ಕೂಗು ಅಂತಾರೆ."

ಅಣ್ಣ ನಗಲು ನೋಡಿ ಬಿಟ್ಟ. ಮೆಲ್ಲಕ್ಕ ಗಿಣಿಯನ್ನು ಹಿಂಬಾಲಿಸಿ ಕೋಣೆಗೆ ಹೋದಳು. ಗಿಣಿ ಒಂದೇ ಕೈಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಮಡಿಕೆ ಬಿಚ್ಚಿಕೊಳ್ಳುತ್ತಿತ್ತು, ಮತ್ತೆ ಮಡಿಸುತ್ತಿದ್ದಳು.

"ಹೋಗ್ಬೇಡ," ಎಂದಳು ಮೆಲ್ಲಕ್ಕ.

ಗಿಣಿ ಕೈ ನಿಲ್ಲಿಸಿದಳು. "ಅದನ್ನೇ ಸ್ವಲ್ಪ ಜೋರಾಗಿ ಹೇಳು ಅತ್ತಿಗೆ. ಶೆಡ್ಡು ಖಾಲಿಯಿದೆ. ಯಾವುದೂ ಸಾಯಲ್ಲ."

ಮೆಲ್ಲಕ್ಕ ಬಾಯಿ ತೆರೆದಳು. ಎದೆಯ ತುಂಬ ಗಾಳಿ ಎಳೆದುಕೊಂಡಳು. ಕತ್ತಿನ ನರ ಉಬ್ಬಿ ಬಂದದ್ದು ಗಿಣಿಗೆ ಕಂಡಿತು. "ಹೋಗ್ಬೇಡ," ಎಂದು ಹೊರಬಿತ್ತು, ಮೊದಲಿನಷ್ಟೇ ಮೆಲ್ಲಗೆ, ಯಾರೋ ಪಕ್ಕದಲ್ಲಿ ಮಲಗಿದ್ದಾರೆಂಬಂತೆ.

ಗಿಣಿ ಮತ್ತೆ ಮಡಿಸತೊಡಗಿದಳು.

ಹೊಸ ಮರಿಗಳನ್ನು ತರುವ ವ್ಯಾನಿನಲ್ಲೇ ಅವಳನ್ನು ಕಳಿಸುವುದೆಂದು ಅಣ್ಣ ಗೊತ್ತುಮಾಡಿದ. ಹೇಗೂ ವಾಪಸು ಖಾಲಿ ಹೋಗುವ ಗಾಡಿ. ವ್ಯಾನು ಬಂದಾಗ ಗಾಳಿ ಬೀಸುತ್ತಿತ್ತು. ಒಂದು ದಿನದ ಮರಿಗಳು ತೂತಿನ ರಟ್ಟಿನ ಪೆಟ್ಟಿಗೆಗಳಲ್ಲಿ ಒಂದೇ ಸಮನೆ ಚಿಂವ್‌ಗುಟ್ಟುತ್ತಿದ್ದವು. ಅವು ಇನ್ನೂ ಏನನ್ನೂ ಕಲಿತಿರಲಿಲ್ಲ. ಗಂಡ, ಅತ್ತೆ, ಡ್ರೈವರು ಪೆಟ್ಟಿಗೆ ಹೊತ್ತು ಶೆಡ್ಡಿಗೆ ಓಡಾಡುತ್ತಿದ್ದರು. ಒಳಗೆ ಹೊಸ ಹೊಟ್ಟು ಹರಡಿ, ಕಾವಿಗೆಂದು ದೀಪಗಳನ್ನು ಇಳಿಬಿಟ್ಟು, ಮರಿಗಳಿಗೆ ನುಗ್ಗಲು ಮೂಲೆ ಸಿಗದಂತೆ ಸುತ್ತ ತಗಡು ಕಟ್ಟಲಾಗಿತ್ತು. ಕೊನೆಯ ಪೆಟ್ಟಿಗೆಗಳಲ್ಲೊಂದನ್ನು ಎತ್ತಿಕೊಂಡು ಮೆಲ್ಲಕ್ಕ ತಿರುಗಿದರೆ, ಗಿಣಿ ಚೀಲ ಹಿಡಿದು ಎದುರು ನಿಂತಿದ್ದಳು.

"ಒಂದು ಕೇಳ್ತೀನಿ. ನಿಜ ಹೇಳು. ಅವತ್ತು ನಾನು ಕರೆದಾಗ ನಿನಗೆ ಗೊತ್ತಾಯ್ತಾ?"

"ಮೊದಲ ಸಲ ಇಲ್ಲ."

"ಎರಡನೇ ಸಲ?"

ಪೆಟ್ಟಿಗೆಯೊಳಗಿನ ಕಾವು ಮೆಲ್ಲಕ್ಕನ ಅಂಗೈಗೆ ತಾಗುತ್ತಿತ್ತು. ಇಲ್ಲ ಎಂದರೆ ಸಾಕಿತ್ತು. ಗಿಣಿ ಚೀಲ ಕೆಳಗಿಡುತ್ತಿದ್ದಳೋ ಏನೋ. ಇಡಲು ಕಾಯುತ್ತಿದ್ದ ಹಾಗೇ ಇತ್ತು ಅವಳು ನಿಂತ ಬಗೆ.

"ಎರಡನೇ ಸಲ ಗೊತ್ತಾಯ್ತು," ಎಂದಳು ಮೆಲ್ಲಕ್ಕ.

ಗಿಣಿ ತಲೆಯಾಡಿಸಿದಳು. ಕಣ್ಣಲ್ಲಿ ನೀರಿರಲಿಲ್ಲ. ಚೀಲದ ಹಿಡಿಯನ್ನು ಮೊಣಕೈಗೆ ಏರಿಸಿಕೊಂಡಳು.

"ನಾನು ಕಿರುಚಿದ್ರೆ ಓಡಿ ಬರ್ತಿದ್ಯಾ?"

ಗಾಳಿ ಜೋರಾಯಿತು. ಪೆಟ್ಟಿಗೆಯ ತೂತುಗಳಿಗೆ ಗಾಳಿ ಹೊಕ್ಕು ಮರಿಗಳು ಒಂದರ ಮೇಲೊಂದು ಹತ್ತತೊಡಗಿದ್ದು ಮೆಲ್ಲಕ್ಕನ ಕೈಗೆ ತಿಳಿಯಿತು. ಅವಳು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡಳು.

"ನೀನು ಕಿರುಚಿದ್ರೆ ಅವೆಲ್ಲ ಆಗ್ಲೇ ಎಗರಿರ್ತಿದ್ವು ಗಿಣಿ. ಆಗ ನಾನು ಮೊದ್ಲು..." ಎನ್ನುತ್ತ ಶೆಡ್ಡಿನ ಕಡೆ ತಿರುಗಿ, ಪಾದ ಎತ್ತದೆ ನಡೆಯತೊಡಗಿದಳು, ಉಳಿದದ್ದನ್ನೂ ಹೇಳುತ್ತಲೇ ಹೋದಳು, ಬೆನ್ನು ಹಾಕಿಕೊಂಡು, ಮರಿಗಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, "ಮೊದ್ಲು ಮೂಲೆಗೆ ಹೋಗಿ, ಆಮೇಲೆ ನಿನ್ನ ಹತ್ರ ಬರ್ತಿದ್ದೆ."